ಕಾರ್ಖಾನೆಗಳಲ್ಲಿ ತುರ್ತು ಕಣ್ಣು ತೊಳೆಯುವ ಘಟಕ: ಅಳವಡಿಕೆ, ಬಳಕೆ ಮತ್ತು ನಿರ್ವಹಣೆ

ಆಮ್ಲ, ಕಾಸ್ಟಿಕ್ ಸೋಡಾ, ಸುಣ್ಣ, ಅಮೋನಿಯ ಮುಂತಾದ ನಾಶಕಾರಿ ಪದಾರ್ಥಗಳನ್ನು ಬಳಸುವ ಕಾರ್ಖಾನೆಗಳಿಗೆ ಪರವಾನಗಿ ಅಥವಾ ಅದರ ನವೀಕರಣ ಕೋರುವ ಅಧಿಭೋಗದಾರರ ಹಾಗೂ ಅಲ್ಲಿನ ಕಾರ್ಮಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸಾಮಾನ್ಯವಾಗಿ ಐ ವಾಷ್ ಎಂದು ಕರೆಯಲ್ಪಡುವ ಈ ಘಟಕವನ್ನು ನಕ್ಷೆಯಲ್ಲಿ ತೋರಿಸಿದ ಮಾತ್ರಕ್ಕೆ ಅದರ ಉದ್ದೇಶ ಈಡೇರುವುದಿಲ್ಲ. ರಾಸಾಯನಿಕ ಸಿಡಿದ ಕ್ಷಣದಲ್ಲಿ ಅದರಿಂದ ಶುದ್ಧ ನೀರು ಬರುವುದರ ಮೇಲೆ ಕಾರ್ಮಿಕರ ದೃಷ್ಟಿ ಅವಲಂಬಿಸಿರುತ್ತದೆ.

ಆಮ್ಲಕ್ಕೆ ಎಲ್ಲರೂ ಅಂಜುತ್ತಾರೆ. ಆದರೆ ಕಣ್ಣಿಗೆ ಸಾಮಾನ್ಯವಾಗಿ ಹೆಚ್ಚು ಘಾತಕವಾದುದು ಕ್ಷಾರ. ಆಮ್ಲವು ಕಣ್ಣಿನ ಹೊರಪದರದ ಪ್ರೋಟೀನನ್ನು ಹೆಪ್ಪುಗಟ್ಟಿಸುವುದರಿಂದ ಆ ಹೆಪ್ಪೇ ಸ್ವಲ್ಪಮಟ್ಟಿಗೆ ತಡೆಯಾಗುತ್ತದೆ. ಕ್ಷಾರವು ಜೀವಕೋಶಗಳ ಕೊಬ್ಬಿನಂಶವನ್ನು ಸಾಬೂನಾಗಿ ಪರಿವರ್ತಿಸುತ್ತಾ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಆಮ್ಲ ಬಿದ್ದ ಕಣ್ಣಿಗೆ ಸೋಡಾ, ಕ್ಷಾರ ಬಿದ್ದ ಕಣ್ಣಿಗೆ ನಿಂಬೆರಸ ಹಾಕುವ ಪ್ರಯತ್ನವನ್ನು ಎಂದಿಗೂ ಮಾಡಕೂಡದು. ನೀರೊಂದೇ ಪ್ರಥಮ ಚಿಕಿತ್ಸೆ.

ಈ ಉಪಕರಣಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10592 ಪ್ರಕಟವಾದದ್ದು 1982ರಲ್ಲಿ. ವ್ಯಾಪಕವಾಗಿ ಅನುಸರಿಸಲಾಗುವ ಅಮೆರಿಕದ ಆನ್ಸಿ ಝಡ್ 358.1 ಮಾನಕದಂತೆ, ಅಪಾಯದ ಸ್ಥಳದಿಂದ ಘಟಕವನ್ನು 10 ಸೆಕೆಂಡುಗಳೊಳಗೆ ತಲುಪುವಂತಿರಬೇಕು. ಒಮ್ಮೆ ತೆರೆದ ಕವಾಟವು ಕೈಯಿಂದ ಹಿಡಿಯದೆಯೇ ತೆರೆದಿರಬೇಕು ಮತ್ತು ನಿಮಿಷಕ್ಕೆ ಕನಿಷ್ಠ 1.5 ಲೀಟರಿನಂತೆ 15 ನಿಮಿಷಗಳ ಕಾಲ ನೀರು ಹರಿಯಬೇಕು. ಲೆಕ್ಕ ಹಾಕಿದರೆ ಇದು 22.5 ಲೀಟರುಗಳಾಗುತ್ತದೆ. ಆದುದರಿಂದ ಗೋಡೆಗೆ ತೂಗುಹಾಕಿದ ಅರ್ಧ ಲೀಟರಿನ ಬಾಟಲಿಯು ಘಟಕಕ್ಕೆ ಪೂರಕವೇ ಹೊರತು ಬದಲಿಯಲ್ಲ.

ನೀರಿನ ಉಷ್ಣತೆ 16ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ರಾಯಚೂರು, ಕಲಬುರಗಿ ಭಾಗದ ಬೇಸಿಗೆಯಲ್ಲಿ ತಾರಸಿಯ ತೊಟ್ಟಿ ಹಾಗೂ ಬಿಸಿಲಿಗೆ ತೆರೆದ ಕೊಳವೆಗಳ ನೀರು ಈ ಮಿತಿಯನ್ನು ಮೀರುವ ಸಂಭವವಿರುವುದರಿಂದ ಅವುಗಳಿಗೆ ನೆರಳು ಅಥವಾ ಶಾಖನಿರೋಧಕ ಹೊದಿಕೆ ಒದಗಿಸುವುದು ಅಗತ್ಯ. ವಿದ್ಯುತ್ ಕಡಿತವಾದಾಗ ನಿಲ್ಲುವ ಪಂಪನ್ನೇ ನೆಚ್ಚಿಕೊಂಡ ಸಂಪರ್ಕವೂ ಸೂಕ್ತವಲ್ಲ.

ನಿರ್ವಹಣೆಯಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ವಾರಕ್ಕೊಮ್ಮೆ ನೀರು ಹರಿಸಿ ನೋಡುವ ಕೆಲಸ. ನಿಂತ ನೀರಿನಲ್ಲಿ ತುಕ್ಕು, ಕೆಸರು ಸೇರುವುದಲ್ಲದೆ ಅಕಾಂತಮೀಬ, ಸ್ಯೂಡೊಮೊನಾಸ್‌ನಂತಹ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಗಾಯಗೊಂಡ ಕಣ್ಣಿಗೆ ಇವು ಎರಡನೆಯ ಅಪಾಯ. ಕೊಳವೆಯಲ್ಲಿ ನಿಂತ ನೀರು ಪೂರ್ತಿ ಹೊರಹೋಗುವವರೆಗೆ ಹರಿಸಿ, ಎರಡೂ ನಳಿಕೆಗಳ ಧಾರೆ ಸಮನಾಗಿದೆಯೇ ಎಂದು ಪರಿಶೀಲಿಸಿ, ದಿನಾಂಕದೊಂದಿಗೆ ವಹಿಯಲ್ಲಿ ಸಹಿ ಮಾಡತಕ್ಕದ್ದು. ಒಂದೇ ಶಾಯಿಯಲ್ಲಿ ವರ್ಷದ 52 ಸಹಿಗಳನ್ನೂ ಒಟ್ಟಿಗೆ ಹಾಕಿದ ವಹಿಯಿಂದ ಯಾವ ಕಣ್ಣೂ ಉಳಿಯದು. ಘಟಕದ ಮುಂದೆ ಡ್ರಮ್ಮು, ಗೋಣಿಚೀಲಗಳನ್ನು ಪೇರಿಸಕೂಡದು. ಕಣ್ಣು ಬಿಡಲಾಗದ ವ್ಯಕ್ತಿ ತಡವರಿಸುತ್ತಾ ಬರುವ ದಾರಿ ಅದು.

ಅಪಘಾತ ಸಂಭವಿಸಿದಾಗ ನೋವಿನಿಂದ ರೆಪ್ಪೆಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಆದ್ದರಿಂದ ಸಹೋದ್ಯೋಗಿಯೊಬ್ಬರು ಬಾಧಿತರನ್ನು ಘಟಕಕ್ಕೆ ಕರೆತಂದು, ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿಯಬೇಕು. ಬಾಧಿತರು ಕಣ್ಣುಗುಡ್ಡೆಯನ್ನು ಎಲ್ಲ ದಿಕ್ಕಿಗೂ ಹೊರಳಿಸಬೇಕು, ಉಜ್ಜಬಾರದು. ಕಾಂಟ್ಯಾಕ್ಟ್ ಲೆನ್ಸ್ ಇದ್ದಲ್ಲಿ ನೀರು ಹರಿಯುತ್ತಿರುವಾಗಲೇ ತೆಗೆಯಬೇಕು, ಅದಕ್ಕಾಗಿ ತೊಳೆಯುವುದನ್ನು ತಡಮಾಡಬಾರದು. ಉರಿ ಕಡಿಮೆಯಾಯಿತೆಂದು ಐದು ನಿಮಿಷಕ್ಕೇ ನಿಲ್ಲಿಸುವುದು ಸಾಮಾನ್ಯ. ಗಡಿಯಾರ ನೋಡಿ 15 ನಿಮಿಷ ಪೂರೈಸಬೇಕು. ಕ್ಷಾರವಾದರೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ.

ಅನಂತರ ತಡವಿಲ್ಲದೆ ನೇತ್ರ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರ ಅಥವಾ ಕನಿಷ್ಠ ಅದರ ಹೆಸರಿನ ಚೀಟಿ ಜೊತೆಗಿರಲಿ. ಸುಣ್ಣ ಅಥವಾ ಸಿಮೆಂಟ್ ಬಿದ್ದಿದ್ದಲ್ಲಿ ಕಣಗಳು ಮೇಲ್ರೆಪ್ಪೆಯ ಒಳಗೆ ಉಳಿದಿರಬಹುದಾದ್ದರಿಂದ ಆ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.