ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದ ಮೇಲೆ

ಎದೆನೋವೆಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅದನ್ನು ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಚಾಲನೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ, ಹುಬ್ಬಳ್ಳಿಯಲ್ಲಿ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಜನ ದೊಡ್ಡ ಕಾಯಿಲೆಗೆಲ್ಲ ಓಡುವುದು ಅದೇ ಹುಬ್ಬಳ್ಳಿಗೆ, ಇಲ್ಲವೇ ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೆ. ಹಿಂದೆ ದಾರಿಯಲ್ಲೇ ಪ್ರಾಣ ಬಿಡುತ್ತಿದ್ದವರಲ್ಲಿ ಕೆಲವರಾದರೂ ಈಗ ಬದುಕಿ ಊರಿಗೆ ಮರಳುತ್ತಿದ್ದಾರೆ. ನಾಲ್ಕೈದು ದಿನದಲ್ಲಿ ಡಿಸ್ಚಾರ್ಜ್. ಕೈಯಲ್ಲಿ ಗುಳಿಗೆಯ ಚೀಲ, ಕಿವಿಯಲ್ಲಿ ಒಂದು ಮಾತು: "ಭಾರ ಎತ್ತಬ್ಯಾಡ್ರಿ, ಆರಾಮ ಇರ್ರಿ."

ಆ 'ಆರಾಮ' ಎಷ್ಟು ದಿನ, ಅದು ಮುಗಿದ ಮೇಲೆ ಏನು ಎಂದು ಯಾರೂ ಹೇಳುವುದಿಲ್ಲ. ಮನೆಯವರು ಅದನ್ನು ತಮ್ಮ ಪ್ರೀತಿಯಷ್ಟು ಉದ್ದ ಮಾಡುತ್ತಾರೆ. ಯಜಮಾನ ಪಡಸಾಲಿಯ ಹೊರಸಿನಿಂದ ಎದ್ದರೆ ಮಗ ಗದರುತ್ತಾನೆ: "ಅಪ್ಪಾ, ನೀ ಸುಮ್ಮ ಕುಂದ್ರು." ಹೀಗೆ ಕುಳಿತವರು ಮೂರು ತಿಂಗಳಲ್ಲಿ ಕಾಲಿನ ಶಕ್ತಿ ಕಳೆದುಕೊಂಡು, ನಾಲ್ಕು ಹೆಜ್ಜೆಗೇ ತೇಕು ಹತ್ತಿ, ಅದನ್ನೂ ಹೃದಯದ ತಪ್ಪೆಂದೇ ತಿಳಿಯುತ್ತಾರೆ.

'ಆರಾಮ ಇರ್ರಿ' ಎಂಬ ಈ ಸಲಹೆಗೆ ಒಂದು ಇತಿಹಾಸವಿದೆ. ಎದೆಶೂಲೆಯನ್ನು ಮೊದಲು ಸರಿಯಾಗಿ ವಿವರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್, ದಿನಾ ಅರ್ಧ ಗಂಟೆ ಕಟ್ಟಿಗೆ ಕೊಯ್ದು ಹೆಚ್ಚುಕಡಿಮೆ ಗುಣವಾದ ರೋಗಿಯೊಬ್ಬನ ಸಂಗತಿ ಬರೆದಿಟ್ಟಿದ್ದ. ಆ ಪುಸ್ತಕ ಅಚ್ಚಾದದ್ದು 1802ರಲ್ಲಿ, ಅವನು ತೀರಿಕೊಂಡ ಮರುವರ್ಷ. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1912ರಲ್ಲಿ ಅಮೆರಿಕದ ಜೇಮ್ಸ್ ಹೆರಿಕ್ ಹೃದಯಾಘಾತದ ಚಿತ್ರವನ್ನು ವೈದ್ಯರ ಮುಂದಿಟ್ಟ ಮೇಲೆ ಹಾಸಿಗೆಯೇ ಮದ್ದಾಯಿತು. ಸತ್ತ ಸ್ನಾಯು ಮಾಯ್ದು ಗಟ್ಟಿ ಕಲೆಯಾಗಲು ಸುಮಾರು ಆರು ವಾರ ಬೇಕೆಂದು 1939ರಲ್ಲಿ ಶವಪರೀಕ್ಷೆಗಳಿಂದ ತಿಳಿದಾಗ ಆ ಆರು ವಾರದ ಮಲಗುವಿಕೆ ಶಾಸ್ತ್ರವೇ ಆಗಿಬಿಟ್ಟಿತು. ರೋಗಿ ತಾನೇ ಮಗ್ಗುಲಾಗುವಂತಿಲ್ಲ, ತುತ್ತನ್ನೂ ನರ್ಸ್ ತಿನ್ನಿಸಬೇಕು.

ಮೊದಲ ಪೆಟ್ಟು ಕೊಟ್ಟವರು ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್. ಅವರು ರೋಗಿಗಳನ್ನು ಮಂಚದಿಂದ ಇಳಿಸಿ ಆರಾಮಕುರ್ಚಿಯಲ್ಲಿ ಕೂರಿಸಿ, ಏನೂ ಕೇಡಾಗಲಿಲ್ಲವೆಂದು 1952ರಲ್ಲಿ ವರದಿ ಮಾಡಿದರು. ಮರುವರ್ಷ ಜೆರೆಮಿ ಮಾರಿಸ್, ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆಯೆಂದು ತೋರಿಸಿದರು. ಆದರೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಣ್ಣು ತೆರೆಸುವಂಥದ್ದು ಅಮೆರಿಕದ ಡಲ್ಲಾಸ್‌ನ ಪ್ರಯೋಗ. 1966ರಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಮಲಗಿಸಿದರು. ಅವರ ಮೈ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಅಳೆದರು. ಮೂವತ್ತು ವರ್ಷದ ಮುಪ್ಪು ಮಾಡದ ಹಾನಿಯನ್ನು ಆ ಮೂರು ವಾರದ ಹಾಸಿಗೆ ಮಾಡಿತ್ತು.

ಅಲ್ಲಿಂದ ಹೃದಯ ಪುನಶ್ಚೇತನ ಎಂಬ ಶಾಖೆ ಬೆಳೆಯಿತು. ಕ್ಲೀವ್‌ಲ್ಯಾಂಡ್‌ನ ಹರ್ಮನ್ ಹೆಲರ್‌ಸ್ಟೀನ್ ಅಂಥವರು ರೋಗಿಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವುದೇ ಚಿಕಿತ್ಸೆಯ ಗುರಿ ಎಂದು ಪಟ್ಟು ಹಿಡಿದರು. ಮುಂದೆ ಅದು ಆಸ್ಪತ್ರೆಯ ವ್ಯಾಯಾಮ ಕೊಠಡಿಯ ವಿದ್ಯೆಯಾಯಿತು: ಟ್ರೆಡ್‌ಮಿಲ್, ಸೈಕಲ್, ಎದೆಗೆ ಅಂಟಿಸಿದ ತಂತಿ, ವಾರಕ್ಕೆ ಮೂರು ದಿನ ಹಾಜರಿ. ಫಲ ಚೆನ್ನಾಗಿತ್ತು. 2021ರ ಕೊಕ್ರೇನ್ ಸಮೀಕ್ಷೆ 85 ಪ್ರಯೋಗಗಳ 23,430 ರೋಗಿಗಳ ಲೆಕ್ಕ ಹಾಕಿ, ವ್ಯಾಯಾಮ ಮಾಡಿದವರಲ್ಲಿ ಹೃದ್ರೋಗದ ಸಾವು, ಮರು ಆಘಾತ, ಮತ್ತೆ ಆಸ್ಪತ್ರೆ ಸೇರುವುದು ಮೂರೂ ಕಡಿಮೆ ಎಂದಿದೆ. ತೊಡಕು ಒಂದೇ, ಜನ ಬರುತ್ತಿರಲಿಲ್ಲ. ಶ್ರೀಮಂತ ದೇಶಗಳಲ್ಲೂ ದೂರ, ಕೆಲಸ, ಖರ್ಚು ಅಡ್ಡ ಬಂದವು.

ಹಾಗಾದರೆ ಮನೆಯಲ್ಲೇ ಮಾಡಿಸಿದರೆ? ಸ್ಟಾನ್‌ಫರ್ಡ್‌ನ ರಾಬರ್ಟ್ ಡಿಬಸ್ಕ್ ತಂಡ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯಾಘಾತವಾದ ಕೆಲವರು ಗುಂಪಿನಲ್ಲೂ ಕೆಲವರು ಮನೆಯಲ್ಲೂ ತರಬೇತಿ ಪಡೆದರು. ಮನೆಯಲ್ಲಿ ವ್ಯಾಯಾಮ ಮಾಡುವವರ ಇಸಿಜಿ ಟೆಲಿಫೋನ್ ತಂತಿಯಲ್ಲಿ ಹೋಗುತ್ತಿತ್ತು. ಎರಡು ಕಡೆಯವರಿಗೂ ದುಡಿಯುವ ಶಕ್ತಿ ಒಂದೇ ಸಮ ಹೆಚ್ಚಿತು. 1992ರಲ್ಲಿ ಎಡಿನ್‌ಬರೋದಿಂದ 'ಹಾರ್ಟ್ ಮ್ಯಾನ್ಯುಯಲ್' ಬಂತು. ಆರು ವಾರದ ಕೈಪಿಡಿ, ಕೇಳಲು ಕ್ಯಾಸೆಟ್, ನಡುನಡುವೆ ವಿಚಾರಿಸಿಕೊಳ್ಳುವ ಒಬ್ಬ ನರ್ಸ್. ಇದನ್ನು ಅನುಸರಿಸಿದವರಲ್ಲಿ ಭಯ, ಕಳವಳ ತಗ್ಗಿದವು, ಮೊದಲ ಆರು ತಿಂಗಳಲ್ಲಿ ಆಸ್ಪತ್ರೆಗೆ ಮರಳಿದವರೂ ಕಡಿಮೆ. ಮನೆಯ ವ್ಯಾಯಾಮವನ್ನೂ ಕೇಂದ್ರದ ವ್ಯಾಯಾಮವನ್ನೂ ತೂಗಿದ 2023ರ ಕೊಕ್ರೇನ್ ಸಮೀಕ್ಷೆ 24 ಪ್ರಯೋಗಗಳನ್ನು ನೋಡಿ ಎರಡರ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಮಾತು ಸೇರಿಸಬೇಕು: ಈ ಪ್ರಯೋಗಗಳ ರೋಗಿಗಳು ಹೆಚ್ಚಾಗಿ ಅಪಾಯ ಕಡಿಮೆ ಇರುವವರು, ಅವರ ಹಿಂದೆ ಫೋನಿನಲ್ಲಾದರೂ ಒಬ್ಬರು ಇದ್ದರು.

ನಮ್ಮಲ್ಲಿ ಕೆಲಸ ತಡವಾಗಿ ಶುರುವಾದರೂ ಹಗುರದ್ದಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಹೃದಯ ವೈಫಲ್ಯದ ರೋಗಿಗಳಿಗೆ ವಾರ್ಡಿನಲ್ಲೇ ನಡಿಗೆ ಶುರು ಮಾಡಿಸಿ, ಮುಂದಿನದನ್ನು ಮನೆಯಲ್ಲಿ ಮುಂದುವರಿಸಿದ ಸಣ್ಣ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ನೇತೃತ್ವದಲ್ಲಿ 14 ಆಸ್ಪತ್ರೆಗಳ 806 ಹೃದಯಾಘಾತ, ಎದೆಶೂಲೆ ರೋಗಿಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಬಂತು. ಅಲ್ಲಿ ರೋಗಿಯ ಬೆನ್ನು ಹತ್ತಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಅವರು ವಿಚಾರಿಸಿಕೊಂಡ ಗುಂಪಿನಲ್ಲಿ ಗುಳಿಗೆ ತಪ್ಪಿಸುವವರು ಕಡಿಮೆಯಾದರು, ವ್ಯಾಯಾಮ ಮಾಡುವವರು ಮತ್ತು ತಂಬಾಕು ಬಿಟ್ಟವರು ಹೆಚ್ಚಾದರು. ಭಾರತದ 24 ಆಸ್ಪತ್ರೆಗಳ 3,959 ರೋಗಿಗಳಿಗೆ 12 ವಾರದಲ್ಲಿ 13 ಪಾಠ ಕಲಿಸಿದ 'ಯೋಗ-ಕೇರ್' ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಯೋಗದಿಂದ ಸಾವು ಖಚಿತವಾಗಿ ಕಡಿಮೆಯಾಯಿತೆಂದು ಅದು ಸಾಬೀತು ಮಾಡಲಿಲ್ಲ. ಹಳೆಯ ಕೆಲಸಗಳಿಗೆ ಮರಳುವುದು, ಆರೋಗ್ಯ ಸುಧಾರಿಸಿದೆ ಎನಿಸುವುದು ಮಾತ್ರ ಹೆಚ್ಚಾಯಿತು. ಯೋಗದ ಅಭಿಮಾನಿಗಳು ಮೊದಲರ್ಧ ಬಿಟ್ಟು ಹೇಳುತ್ತಾರೆ, ಟೀಕಾಕಾರರು ಎರಡನೆಯದನ್ನು.

ಈ ಮೂರು ಪ್ರಯೋಗಗಳಲ್ಲಿ ನವಲಗುಂದದಂಥ ಊರಿಗೆ ಹೊಂದುವುದು ನಡುವಿನ ಸೇಂಟ್ ಜಾನ್ಸ್‌ನದು ಎಂದು ನನ್ನ ಅಭಿಪ್ರಾಯ. ಅಲ್ಲಿಂದ ಹುಬ್ಬಳ್ಳಿಗೆ ಮೂವತ್ತು ಕಿಲೋಮೀಟರ್ ಮೇಲಾಯಿತು, ರೈಲಿಲ್ಲ. ವಾರಕ್ಕೆ ಮೂರು ಸಲ, ಮೂರು ತಿಂಗಳು ಬಸ್ಸು ಹತ್ತಿ ಹೋಗಿ ಟ್ರೆಡ್‌ಮಿಲ್ ತುಳಿದು ಬಾ ಎನ್ನುವುದು ಕೂಲಿ ಬಿಟ್ಟು ಬರುವವರಿಗೆ ಹೇಳುವ ಮಾತಲ್ಲ. ರೈಲಿರುವ ಅಣ್ಣಿಗೇರಿ, ಕುಂದಗೋಳದವರಿಗೂ ಅಷ್ಟೇ. ಇಲ್ಲಿ ಮನೆಯ ವ್ಯಾಯಾಮ ಎರಡನೆಯ ದರ್ಜೆಯ ಚಿಕಿತ್ಸೆಯಲ್ಲ, ಇರುವ ಒಂದೇ ದಾರಿ.

ಆದರೆ ಕೈಪಿಡಿಗಳಲ್ಲಿ ಬರೆದ 'ಮನೆ' ಇಲ್ಲಿನದಲ್ಲ. 'ದಿನಾ ನಡೀರಿ' ಎಂದರೆ ಎಲ್ಲಿ? ನವಲಗುಂದ, ಅಣ್ಣಿಗೇರಿ ಸೀಮೆಯ ಎರಿ ಮಣ್ಣು ಮುಂಗಾರಿನಲ್ಲಿ ಚಪ್ಪಲಿಗೆ ಮೆತ್ತಿ, ಹತ್ತು ಹೆಜ್ಜೆಗೆ ಕಾಲು ಎತ್ತಲಾರದಷ್ಟು ಭಾರವಾಗುತ್ತದೆ. ಡಾಂಬರು ರಸ್ತೆಯಲ್ಲಿ ಲಾರಿಗಳ ಹಾವಳಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಏಳು ಗಂಟೆಯ ಮೇಲೆ ಹೊರಬೀಳುವಂತಿಲ್ಲ. ಗುಡಿಯ ಸುತ್ತಿನ ಫರಸಿ ಕಲ್ಲು, ಶಾಲೆಯ ಮೈದಾನ, ಮಳೆ ಹಿಡಿದರೆ ಪಡಸಾಲಿ ಇವೇ ಗತಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಕಟ್ಟೆಯ ಒಂದೇ ಮೆಟ್ಟಿಲು ಹತ್ತಿಳಿಯುವುದು, ಇವಕ್ಕೆ ಹವಾಮಾನದ ಹಂಗಿಲ್ಲ.

ಇನ್ನೊಂದು ವಾದ ಊರೂರಲ್ಲೂ ಕೇಳುತ್ತದೆ: "ಹೊಲದಾಗ ದುಡೀತೀನಿ, ಮತ್ಯಾಕ ವ್ಯಾಯಾಮ?" ಹೊಲದ ದುಡಿತ ಹದವರಿತು ಏರುವಂಥದ್ದಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ವಾರಗಟ್ಟಲೆ ಕೂತು, ಆಮೇಲೆ ಒಂದೇ ದಿನ ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯುವ ಪಂಪ್ ಬೆನ್ನಿಗೇರಿಸುತ್ತಾರೆ. ತುಂಬಿದ ಪಂಪ್ ಇಪ್ಪತ್ತು ಕಿಲೋ ಹತ್ತಿರ ತೂಗುತ್ತದೆ. ಬಿಸಿಲು, ಬಿಗಿಹಿಡಿದ ಉಸಿರು, ಎಳೆದು ಕಟ್ಟಿದ ಪಟ್ಟಿ ಸೇರಿ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಹೆಣ್ಣುಮಕ್ಕಳ ಉತ್ತರ "ಮನಿ ಕೆಲಸ ಮಾಡ್ತೀನಲ್ರಿ." ಹೌದು, ಆದರೆ ರೊಟ್ಟಿ ಬಡಿಯುವುದು, ಕೊಡ ಹೊರುವುದು ತೋಳಿನ ಕೆಲಸ. ಅಷ್ಟೇ ದುಡಿತಕ್ಕೆ ಕಾಲಿಗಿಂತ ತೋಳು ಹೃದಯವನ್ನು ಹೆಚ್ಚು ದಣಿಸುತ್ತದೆ, ಮೇಲೆ ಒಲೆಯ ಝಳ ಬೇರೆ. ನಡಿಗೆಯ ಫಲ ಅದರಲ್ಲಿ ಸಿಗದು.

ಎಷ್ಟು ಜೋರು ನಡೆಯಬೇಕೆಂಬ ಅಳತೆಯ ಮಾತೂ ಹೀಗೆಯೇ. 220ರಲ್ಲಿ ವಯಸ್ಸು ಕಳೆದು ನಾಡಿ ಎಣಿಸುವ ಸೂತ್ರ ಮೊಬೈಲಿನಲ್ಲಿ ತಿರುಗಾಡುತ್ತಿದೆ. ಹೃದಯಾಘಾತದವರಲ್ಲಿ ಬಹುತೇಕರು ಮೆಟೊಪ್ರೊಲಾಲ್ ಜಾತಿಯ ಗುಳಿಗೆ ತಿನ್ನುತ್ತಾರೆ, ಅದು ನಾಡಿ ಏರದಂತೆ ಹಿಡಿದಿಡುತ್ತದೆ. ಸೂತ್ರ ಹಿಡಿದು ಹೊರಟವರು ಮಿತಿ ಮೀರುತ್ತಾರೆ. ಅದಕ್ಕಿಂತ ಭರವಸೆಯದು ಮಾತಿನ ಪರೀಕ್ಷೆ: ನಡೆಯುತ್ತ ಜೊತೆಗಾರನ ಸಂಗಡ ಮಾತಾಡಲು ಬರಬೇಕು, ಹಾಡಲು ಬರಬಾರದು. ತೊಂದರೆಯಿಲ್ಲದೆ ಚೇತರಿಸಿಕೊಂಡವರಿಗೆ ಮೊದಲು ಐದು-ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ವಾರ ವಾರ ಏರಿಸುತ್ತ ಆರನೆಯ ವಾರಕ್ಕೆ ಅರ್ಧ ಗಂಟೆ. ಎದೆ ಬಿಗಿತ, ತಲೆಸುತ್ತು, ತಣ್ಣನೆಯ ಬೆವರು ಬಂದರೆ ಅಲ್ಲೇ ಕೂರಬೇಕು, ನಾಲಗೆಯಡಿಯ ಗುಳಿಗೆ ಜೇಬಿನಲ್ಲಿರಬೇಕು. ಹೃದಯದ ಪಂಪ್ ಶಕ್ತಿ ಕುಗ್ಗಿದವರು, ಬಡಿತ ತಪ್ಪುವವರು, ಕಾಲು ಬಾವು ಬಂದವರು ಪರೀಕ್ಷೆಯಿಲ್ಲದೆ ಇದಕ್ಕೆ ಕೈ ಹಾಕಬಾರದು.

2025ರ ಮುಂಗಾರಿನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಜನ ಪರೀಕ್ಷೆಗೆಂದು ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಆಘಾತವಾಗಿ ಬದುಕಿದವರ ಬಗ್ಗೆ ಟಿವಿಯಲ್ಲಿ ಚರ್ಚೆ ನಡೆದದ್ದು ನಾನು ನೋಡಲಿಲ್ಲ. ಅವರಿಗೆ ಬೇಕಾದದ್ದು ಹೊಸ ಕಟ್ಟಡವಲ್ಲ. ಊರಲ್ಲಿ ಆಶಾ ಕಾರ್ಯಕರ್ತೆ ಇದ್ದಾರೆ, ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ. ಬಿಪಿ, ಸಕ್ಕರೆ ನೋಡುವ ಅವರ ಪಟ್ಟಿಯಲ್ಲಿ 'ಈ ವಾರ ಎಷ್ಟು ನಡೆದಿರಿ' ಎಂಬ ಒಂದು ಕಾಲಂ ಸೇರಬೇಕು. ಸತ್ತೂರಿನ ಎಸ್‌ಡಿಎಂನಲ್ಲಿ ಫಿಸಿಯೋಥೆರಪಿ ಕಾಲೇಜೇ ಇದೆ, ಅಂಥ ಕಡೆಯಿಂದ ವಾರಕ್ಕೊಂದು ಫೋನ್ ಬಂದರೆ ಸೇಂಟ್ ಜಾನ್ಸ್ ತೋರಿಸಿದ ದಾರಿ ಇಲ್ಲೂ ತೆರೆದೀತು.

ಅಲ್ಲಿಯವರೆಗೆ ರೋಗಿಯ ಮನೆಯವರಲ್ಲಿ ಒಂದು ವಿನಂತಿ. ಡಿಸ್ಚಾರ್ಜ್ ದಿನ ಗುಳಿಗೆ ಚೀಟಿ ಇಸಿದುಕೊಂಡು ಹೊರಡುವ ಮೊದಲು ಡಾಕ್ಟರನ್ನು ಮೂರು ಮಾತು ಕೇಳಿ, ಅದೇ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ: ಹೃದಯದ ಪಂಪ್ ಶಕ್ತಿ ಎಷ್ಟಿದೆ, ನಾಳೆಯಿಂದ ಎಷ್ಟು ನಿಮಿಷ ನಡೆಯಬೇಕು, ಹೊಲಕ್ಕೆ ಹೋಗುವುದು ಯಾವಾಗ.