ಗಾನ್ ವಿತ್ ದ ವಿಂಡ್

ಅಮೆರಿಕದ ಲೇಖಕಿ ಮಾರ್ಗರೆಟ್ ಮಿಚೆಲ್ (1900–1949) ಬರೆದ ಐತಿಹಾಸಿಕ ಪ್ರಣಯ ಕಾದಂಬರಿ. 1936ರಲ್ಲಿ ನ್ಯೂಯಾರ್ಕಿನ ಮ್ಯಾಕ್‌ಮಿಲನ್ ಸಂಸ್ಥೆ ಇದನ್ನು ಪ್ರಕಟಿಸಿತು. ಮರುವರ್ಷ ಪುಲಿಟ್ಜರ್ ಬಹುಮಾನ ಬಂತು. ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು ಬದುಕನ್ನು ಮತ್ತೆ ಕಟ್ಟಿಕೊಳ್ಳುವ ಹೆಣ್ಣಿನ ಕಥೆಯಾಗಿ ಲೋಕವೆಲ್ಲ ಇದನ್ನು ಓದಿದೆ. ಆದರೆ ಎರಡು ವಿಷಯಗಳಲ್ಲಿ ಇದರ ಚರಿತ್ರೆ ಬಹುಕಾಲ ಗೋಜಲಾಗಿತ್ತು: ಪುಸ್ತಕ ಸಿದ್ಧವಾದದ್ದು ಹೇಗೆ, ಮತ್ತು ಅದು ಹೇಳುವ ಇತಿಹಾಸ ಯಾರದು.

ಕಥೆ

1861ರ ಏಪ್ರಿಲ್‌ನಲ್ಲಿ ಜಾರ್ಜಿಯಾ ರಾಜ್ಯದ ‘ಟಾರಾ’ ಎಂಬ ಹತ್ತಿಯ ಜಮೀನಿನಲ್ಲಿ ಕಥೆ ತೊಡಗುತ್ತದೆ. ಹದಿನಾರರ ಸ್ಕಾರ್ಲೆಟ್ ಒಹಾರಾ, ತಾನು ಮೆಚ್ಚಿದ ಆ್ಯಶ್ಲಿ ವಿಲ್ಕ್ಸ್ ಬೇರೊಬ್ಬಳನ್ನು ವರಿಸಲಿದ್ದಾನೆಂದು ತಿಳಿದು, ಹಟಕ್ಕೆ ಬಿದ್ದು ಮತ್ತೊಬ್ಬನ ಕೈಹಿಡಿಯುತ್ತಾಳೆ. ಸ್ವಲ್ಪ ಕಾಲದಲ್ಲೇ ವಿಧವೆಯಾಗುತ್ತಾಳೆ. 1864ರಲ್ಲಿ ಅಟ್ಲಾಂಟಾ ನಗರ ಕೈಬಿಟ್ಟುಹೋಗುವ ಹೊತ್ತಿಗೆ, ಆಗಷ್ಟೇ ಹೆತ್ತ ನಾದಿನಿ ಮೆಲನಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ತವರಿಗೆ ಹೊರಡುತ್ತಾಳೆ. ಬಂದು ನೋಡಿದರೆ ತಾಯಿ ತೀರಿಕೊಂಡಿದ್ದಾಳೆ, ತಂದೆಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಕಣಜ ಬರಿದಾಗಿದೆ. ಹತ್ತಿ ಬಿಡಿಸುವುದು, ತೆರಿಗೆಯ 300 ಡಾಲರ್ ಹೊಂದಿಸಲು ತಂಗಿಗೆ ಗೊತ್ತಾಗಿದ್ದ ವರನನ್ನೇ ಮದುವೆಯಾಗುವುದು, ಮರ ಕೊಯ್ಯುವ ಮಿಲ್ಲು ನಡೆಸುವುದು, ಹೀಗೆ ಅವಳು ಭೂಮಿಯನ್ನು ಉಳಿಸಿಕೊಳ್ಳುತ್ತಾಳೆ. ಮೂರನೆಯ ಗಂಡ ರೆಟ್ ಬಟ್ಲರ್ ಅವಳನ್ನು ಬಿಟ್ಟು ಹೊರಡುವಲ್ಲಿಗೆ ಕಾದಂಬರಿ ಮುಗಿಯುತ್ತದೆ.

ರಚನೆ

ಮಿಚೆಲ್ ಅಟ್ಲಾಂಟಾದವರು. ದಕ್ಷಿಣದ ಪಡೆಯಲ್ಲಿ ಹೋರಾಡಿದ್ದ ಮುದುಕರ ನೆನಪುಗಳನ್ನು ಕೇಳುತ್ತ ಬೆಳೆದರು. ಆ ಯುದ್ಧದಲ್ಲಿ ತಮ್ಮ ಕಡೆಯವರು ಸೋತಿದ್ದರೆಂದು ತಿಳಿದದ್ದು ಹತ್ತನೆಯ ವಯಸ್ಸಿನಲ್ಲಿ ಎಂದು ಅವರೇ ಹೇಳಿಕೊಂಡಿದ್ದಾರೆ. 1922ರಿಂದ 1926ರವರೆಗೆ ‘ಅಟ್ಲಾಂಟಾ ಜರ್ನಲ್’ ಪತ್ರಿಕೆಯ ಭಾನುವಾರದ ಸಂಚಿಕೆಗೆ ಬರೆಯುತ್ತಿದ್ದರು. ಕಾಲಿನ ಹರಡಿನ ನೋವಿನಿಂದ ಮನೆಯಲ್ಲೇ ಉಳಿಯಬೇಕಾದಾಗ, ಕ್ರೆಸೆಂಟ್ ಅವೆನ್ಯೂದ ಪುಟ್ಟ ಬಾಡಿಗೆ ಮನೆಯಲ್ಲಿ ಕಾದಂಬರಿಗೆ ಕೈಹಾಕಿದರು. ಮೊದಲು ಬರೆದದ್ದು ಕೊನೆಯ ಅಧ್ಯಾಯವನ್ನು. 1929ರ ಹೊತ್ತಿಗೆ ಬಹುಭಾಗ ಮುಗಿದಿತ್ತು. ಅಧ್ಯಾಯಗಳು ಒಂದೊಂದು ಲಕೋಟೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದವು.

1935ರ ಏಪ್ರಿಲ್‌ನಲ್ಲಿ ಹೊಸ ಬರಹಗಾರರನ್ನು ಹುಡುಕುತ್ತ ಬಂದ ಮ್ಯಾಕ್‌ಮಿಲನ್ನಿನ ಸಂಪಾದಕ ಹೆರಾಲ್ಡ್ ಲೇಥಮ್ ಈ ಹಸ್ತಪ್ರತಿಯನ್ನು ಕೊಂಡೊಯ್ದರು. ಅದನ್ನು ತುಂಬಿಕೊಳ್ಳಲು ಅವರು ಹೊಸ ಸೂಟ್‌ಕೇಸನ್ನೇ ಕೊಳ್ಳಬೇಕಾಯಿತು. ಆಗ ಅದಕ್ಕೆ ಮೊದಲ ಅಧ್ಯಾಯವೇ ತೀರ್ಮಾನವಾಗಿರಲಿಲ್ಲ. ನಾಯಕಿಯ ಹೆಸರು ಪ್ಯಾನ್ಸಿ ಎಂದಿತ್ತು. ಸ್ಕಾರ್ಲೆಟ್ ಎಂಬ ಹೆಸರೂ, ಅರ್ನೆಸ್ಟ್ ಡೌಸನ್ನನ ಕವಿತೆಯಿಂದ ಎತ್ತಿಕೊಂಡ ಈಗಿನ ಶೀರ್ಷಿಕೆಯೂ ಪರಿಷ್ಕರಣೆಯ ತಿಂಗಳುಗಳಲ್ಲಿ ಗಟ್ಟಿಯಾದವು. ಹತ್ತು ವರ್ಷ ಎಡೆಬಿಡದೆ ಬರೆದ ಕೃತಿ ಎಂಬ ವಾಡಿಕೆಯ ಮಾತು ಆದ್ದರಿಂದ ನಿಲ್ಲುವುದಿಲ್ಲ. ಇದು ಮೂರು ವರ್ಷಗಳ ಬರವಣಿಗೆ, ದೀರ್ಘ ವಿರಾಮ, ಕೊನೆಗೆ ಕೆಲವು ತಿಂಗಳ ತುರುಸಿನ ತಿದ್ದುಪಡಿಯ ಫಲ.

ಪ್ರಕಟಣೆ

ಮೊದಲ ಮುದ್ರಣದ 10,000 ಪ್ರತಿಗಳಲ್ಲಿ ಪ್ರಕಟಣೆಯ ತಿಂಗಳು ಮೇ ಎಂದಿದೆ. ಆಕರಗಳಲ್ಲಿ ಎರಡು ದಿನಾಂಕ ಕಾಣುವುದು ಇದರಿಂದ. ಬುಕ್ ಆಫ್ ದ ಮಂತ್ ಕ್ಲಬ್ ಕೃತಿಯನ್ನು ಆಯ್ದುಕೊಂಡದ್ದರಿಂದ ಬಿಡುಗಡೆಯನ್ನು 1936ರ ಜೂನ್ 30ಕ್ಕೆ ಮುಂದೂಡಲಾಗಿತ್ತು. 1,037 ಪುಟ, 3 ಡಾಲರ್ ಬೆಲೆ. ವರ್ಷ ಮುಗಿಯುವಷ್ಟರಲ್ಲಿ ಹತ್ತು ಲಕ್ಷ ಪ್ರತಿಗಳು ಅಚ್ಚಾಗಿದ್ದವು. ಆರ್ಥಿಕ ಮಹಾಕುಸಿತದಿಂದ ಕಂಗೆಟ್ಟಿದ್ದ ಓದುಗರಿಗೆ, ಹಸಿದು ಹೊಲದ ಮಣ್ಣಿನಲ್ಲಿ ಕುಸಿದು ಎದ್ದುನಿಂತ ನಾಯಕಿ ಹತ್ತಿರದವಳಾಗಿ ಕಂಡಳು. ಚಿತ್ರ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ 50,000 ಡಾಲರ್ ಕೊಟ್ಟು ಚಿತ್ರದ ಹಕ್ಕು ಪಡೆದರು. 1939ರ ಡಿಸೆಂಬರ್ 15ರಂದು ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ ನಡೆಯಿತು. ವರ್ಣಭೇದದ ಕಟ್ಟಳೆಯಿಂದಾಗಿ ಒಹಾರಾ ಮನೆಯ ಗುಲಾಮ ದಾದಿ ಮ್ಯಾಮಿಯ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್ ಅಲ್ಲಿಗೆ ಬರುವಂತಿರಲಿಲ್ಲ. ಮರುವರ್ಷ ಆ ಪಾತ್ರಕ್ಕಾಗಿ ಆಸ್ಕರ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಆದರು.

ಹಸ್ತಪ್ರತಿ ಮತ್ತು ಕರ್ತೃತ್ವ

ಪುಸ್ತಕವನ್ನು ನಿಜವಾಗಿ ಬರೆದವರು ಪತಿ ಜಾನ್ ಮಾರ್ಷ್ ಎಂಬ ಗಾಳಿಮಾತು ಮೊದಲಿಂದಲೂ ಇತ್ತು. ಮಾರ್ಷ್ ನುರಿತ ಸಂಪಾದಕರಾಗಿದ್ದರು, ಪುಟಗಳನ್ನು ತಿದ್ದಿಯೂ ಇದ್ದರು. 1949ರ ಆಗಸ್ಟ್ 11ರಂದು ರಸ್ತೆ ದಾಟುವಾಗ ಕಾರು ಬಡಿದು ಗಾಯಗೊಂಡ ಮಿಚೆಲ್ 16ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಮಾರ್ಷ್ ಹಸ್ತಪ್ರತಿಯ ಬಹುಭಾಗವನ್ನು ಸುಟ್ಟರು. ಕರ್ತೃತ್ವದ ಪ್ರಶ್ನೆ ಎದ್ದರೆ ಪುರಾವೆಗಿರಲೆಂದು ಕೆಲವು ಅಧ್ಯಾಯಗಳನ್ನು ಮುದ್ರೆ ಹಾಕಿ ಅಟ್ಲಾಂಟಾದ ಬ್ಯಾಂಕಿನ ಲಾಕರಿನಲ್ಲಿ ಇರಿಸಿದರು.

ಉಳಿದದ್ದೆಲ್ಲ ಬೂದಿಯಾಯಿತೆಂದೇ ನಂಬಲಾಗಿತ್ತು. 2011ರಲ್ಲಿ ಕನೆಕ್ಟಿಕಟ್ ರಾಜ್ಯದ ಸೌತ್‌ಪೋರ್ಟ್‌ನ ಪೀಕ್ವಾಟ್ ಗ್ರಂಥಾಲಯದಲ್ಲಿ ಕೊನೆಯ ನಾಲ್ಕು ಅಧ್ಯಾಯಗಳ ಬೆರಳಚ್ಚು ಪ್ರತಿ ಗುರುತಿಗೆ ಬಂತು. ಮ್ಯಾಕ್‌ಮಿಲನ್ನಿನ ಅಧ್ಯಕ್ಷರಾಗಿದ್ದ ಜಾರ್ಜ್ ಬ್ರೆಟ್ ಅದನ್ನು ಹಿಂದೆಯೇ ಅಲ್ಲಿಗೆ ದಾನ ಕೊಟ್ಟಿದ್ದರು. ಕೃತಿ ಮಿಚೆಲ್ ಅವರದೇ, ಪತಿಯ ಪಾತ್ರ ಸಂಪಾದಕನದು ಎಂಬುದು ಇಂದು ಸಾಮಾನ್ಯವಾಗಿ ಒಪ್ಪಿತವಾದ ನಿಲುವು.

ಇತಿಹಾಸದ ಪ್ರಶ್ನೆ

ಗುಲಾಮರನ್ನು ಒಡೆಯರ ಮನೆಗೆ ಅಂಟಿಕೊಂಡ ತೃಪ್ತರಾಗಿ, ಯುದ್ಧಾನಂತರದ ಪುನರ್ನಿರ್ಮಾಣ ಕಾಲವನ್ನು ಬಿಳಿಯರ ಮೇಲಿನ ಅನ್ಯಾಯವಾಗಿ, ಕೂ ಕ್ಲಕ್ಸ್ ಕ್ಲಾನ್ ಎಂಬ ಹಿಂಸಾಪಡೆಯನ್ನು ರಕ್ಷಕನಾಗಿ ಕಾದಂಬರಿ ತೋರಿಸುತ್ತದೆ. ಆ ಕಾಲದ ಶಾಲಾಪುಸ್ತಕಗಳಲ್ಲೂ ಇಂಥ ಚಿತ್ರವೇ ಇತ್ತು. ಇದು ತಪ್ಪೆಂಬ ಅರಿವು ಈಚಿನದಲ್ಲ. ಈ ಚಿತ್ರವನ್ನು ಅಲ್ಲಗಳೆದ, ಇತಿಹಾಸಕಾರ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್ ಇನ್ ಅಮೆರಿಕ’ ಕಾದಂಬರಿಗಿಂತ ಒಂದು ವರ್ಷ ಮೊದಲೇ, 1935ರಲ್ಲಿ, ಬಂದಿತ್ತು. 1936ರಲ್ಲೇ ವಿಮರ್ಶಕ ಮಾಲ್ಕಮ್ ಕೌಲಿ ಇದೇ ಆಕ್ಷೇಪ ಎತ್ತಿದ್ದರು. ಸ್ಕಾರ್ಲೆಟ್‌ಳ ಸಂಕಟಗಳನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಲೇಖನಿ, ಅದೇ ಹೊಲದಲ್ಲಿ ದುಡಿದ ಗುಲಾಮ ಹೆಂಗಸಿನ ಸಂಕಟವನ್ನು ಕಾಣಲಿಲ್ಲವೆಂಬುದು ಕೃತಿಯ ದೊಡ್ಡ ಕೊರತೆ.

ಆ ಕೊರತೆಗೆ ಉತ್ತರಗಳೂ ಕಾದಂಬರಿಗಳಾಗಿಯೇ ಬಂದವು. 1966ರಲ್ಲಿ ಮಾರ್ಗರೆಟ್ ವಾಕರ್ ತಮ್ಮ ಮುತ್ತಜ್ಜಿಯ ಬದುಕನ್ನು ಆಧರಿಸಿ ‘ಜುಬಿಲಿ’ ಬರೆದರು. ಅದರ ನಾಯಕಿ ವೈರಿ ಅದೇ ಜಾರ್ಜಿಯಾದ ಗುಲಾಮ ಹೆಂಗಸು. 2001ರಲ್ಲಿ ಆಲಿಸ್ ರ‍್ಯಾಂಡಲ್ ‘ದ ವಿಂಡ್ ಡನ್ ಗಾನ್’ನಲ್ಲಿ ಸ್ಕಾರ್ಲೆಟ್‌ಳ ಕಥೆಯನ್ನೇ ಅವಳ ಮಲತಂಗಿಯಾದ ಗುಲಾಮಳ ಬಾಯಲ್ಲಿ ಹೇಳಿಸಿದರು. ಮಿಚೆಲ್ ಆಸ್ತಿಯ ಪರವಾಗಿ ಸನ್‌ಟ್ರಸ್ಟ್ ಬ್ಯಾಂಕ್ ದಾವೆ ಹೂಡಿ ತಡೆಯಾಜ್ಞೆ ತಂದಿತು. ಆ ವರ್ಷವೇ ಮೇಲ್ಮನವಿ ನ್ಯಾಯಾಲಯ ತಡೆಯನ್ನು ತೆರವುಗೊಳಿಸಿತು. 2002ರಲ್ಲಿ ಆದ ರಾಜಿಯಂತೆ ರ‍್ಯಾಂಡಲ್ ಅವರ ಪ್ರಕಾಶಕರು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿಗೆ ದೇಣಿಗೆ ನೀಡಿದರು.

ಅದೇ ಮೋರ್‌ಹೌಸ್‌ನ ಅಧ್ಯಕ್ಷ ಬೆಂಜಮಿನ್ ಮೇಸ್ ಅವರ ಮೂಲಕ, ಕಪ್ಪು ಜನಾಂಗದ ವೈದ್ಯ ವಿದ್ಯಾರ್ಥಿಗಳ ಓದಿಗೆ ಮಿಚೆಲ್ 1940ರ ದಶಕದಲ್ಲಿ ಹೆಸರು ಹೇಳದೆ ಹಣ ಕೊಟ್ಟಿದ್ದರು. ಬಹುಕಾಲದ ನಂತರವೇ ಬಯಲಾದ ಈ ಸಂಗತಿ ಕಾದಂಬರಿಯ ಚಿತ್ರಣವನ್ನು ಬದಲಿಸುವುದಿಲ್ಲ; ಆದರೆ ಬರೆದವರನ್ನು ಕೃತಿಯಿಂದಷ್ಟೇ ಅಳೆಯಬಾರದೆಂಬುದಕ್ಕೆ ದಾಖಲೆಯಾಗಿದೆ.

ಹಕ್ಕುಗಳು

ಅಮೆರಿಕದಲ್ಲಿ ಕೃತಿಸ್ವಾಮ್ಯ 2031ರ ಕೊನೆಯವರೆಗೆ ಇರುತ್ತದೆ. ಭಾರತದ ಕಾನೂನಿನಲ್ಲಿ ಅವಧಿ ಲೇಖಕರ ಮರಣಾನಂತರ 60 ವರ್ಷವಾದ್ದರಿಂದ, ಇಲ್ಲಿ 2010ರಿಂದ ಕೃತಿ ಮುಕ್ತವಾಗಿದೆ. ಕನ್ನಡಕ್ಕೆ ತರುವವರು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ಆದರೆ ಮೂಲದಲ್ಲಿ ಮ್ಯಾಮಿ, ಪ್ರಿಸ್ಸಿಯಂಥ ಗುಲಾಮರ ಮಾತನ್ನು ಕಾಗುಣಿತ ಕೆಡಿಸಿ ಬರೆಯಲಾಗಿದೆ, ಒಡೆಯರ ಮಾತನ್ನಲ್ಲ. ಅವರ ಬಾಯಿಗೆ ಯಾವ ಕನ್ನಡ ಕೊಡಬೇಕೆಂಬುದನ್ನು ಅನುವಾದಕರೇ ತೀರ್ಮಾನಿಸಬೇಕಾಗುತ್ತದೆ.