ಮರ್ಲಿನ್ ಎಂಜಿನಿನ ಸುಧಾರಣೆ: ೧೯೩೩–೧೯೪೨

ಎಂಜಿನಿನ ಗಾತ್ರವನ್ನು ಹಿಗ್ಗಿಸದೆ ಅದರ ಶಕ್ತಿಯನ್ನು ಹೆಚ್ಚಿಸಬೇಕಾದರೆ ಮುಖ್ಯವಾಗಿ ಎರಡು ಮಾರ್ಗಗಳುಂಟು. ಸಿಲಿಂಡರಿನ ಹೆಡ್ಡನ್ನು, ಎಂದರೆ ಕವಾಟಗಳಿಗೆ ನೆಲೆಯಾಗಿ ದಹನಕೋಶಕ್ಕೆ ಮುಚ್ಚಳವಾಗಿರುವ ಭಾಗವನ್ನು, ತಿದ್ದಿ ದಹನಕ್ರಿಯೆಯನ್ನು ಉತ್ತಮಪಡಿಸುವುದು ಒಂದು; ಸೂಪರ್‌ಚಾರ್ಜರ್ ಎಂಬ ಚಕ್ರಯಂತ್ರದಿಂದ ಹೆಚ್ಚು ಗಾಳಿಯನ್ನು ಒಳಕ್ಕೆ ಒತ್ತುವುದು ಇನ್ನೊಂದು. ಯಾವುದಕ್ಕೆ ಮೊದಲು ಕೈಹಾಕಬೇಕೆಂಬುದು ಎಂಜಿನುಗಳನ್ನು ಬಿಚ್ಚಿ ಕಟ್ಟುವವರ ಹಳೆಯ ಪ್ರಶ್ನೆ. ಇಂಗ್ಲೆಂಡಿನ ರೋಲ್ಸ್-ರಾಯ್ಸ್ ಸಂಸ್ಥೆಯ ಮರ್ಲಿನ್ ವಿಮಾನ ಎಂಜಿನಿನ ವಿಷಯದಲ್ಲಿ ಈ ಪ್ರಶ್ನೆಗೆ ಒಂದು ದೇಶದ ರಕ್ಷಣೆಯೇ ತಳುಕುಹಾಕಿಕೊಂಡಿತ್ತು.

೧೯೩೩ರ ಅಕ್ಟೋಬರಿನಲ್ಲಿ ಮೊದಲು ಓಡಿದ ಈ ಹನ್ನೆರಡು ಸಿಲಿಂಡರಿನ, ೨೭ ಲೀಟರಿನ ಎಂಜಿನಿಗೆ ಸೂಪರ್‌ಚಾರ್ಜರ್ ಆರಂಭದಿಂದಲೇ ಇದ್ದಿತು. ಆದರೂ ನಿರ್ಮಾಪಕರು ಬಹಳವಾಗಿ ಶ್ರಮಿಸಿದ್ದು ಹೆಡ್ಡಿನ ಮೇಲೆ. ‘ರ‍್ಯಾಂಪ್’ ಹೆಡ್ ಎಂಬ ಹೊಸ ವಿನ್ಯಾಸದಲ್ಲಿ ಗಾಳಿಯನ್ನು ಒಳಗೊಳ್ಳುವ ಕವಾಟಗಳು ೪೫ ಡಿಗ್ರಿ ಓರೆಯಾಗಿದ್ದುವು. ಒಳಹೊಕ್ಕ ಮಿಶ್ರಣ ಸುಳಿಯಾಗಿ ತಿರುಗಿ ಬೇಗ ಉರಿಯಲೆಂಬುದು ಉದ್ದೇಶ. ಒಂದೇ ಸಿಲಿಂಡರಿನ ಪ್ರಯೋಗಯಂತ್ರದಲ್ಲಿ ಇದು ಫಲಕಾರಿಯಾಗಿ ತೋರಿತು. ಪೂರ್ಣ ಎಂಜಿನಿನಲ್ಲಾದರೋ ಉರಿ ಕ್ರಮತಪ್ಪಿ ಸಿಡಿಯಿತು, ಹೆಡ್ಡುಗಳು ಬಿರುಕುಬಿಟ್ಟುವು. (ಪ್ರಯೋಗಶಾಲೆಯ ಫಲಿತಾಂಶವನ್ನು ಹನ್ನೆರಡರಿಂದ ಗುಣಿಸಿಬಿಡುವ ಆತುರ ಎಂಜಿನಿಯರರಿಗೂ ತಪ್ಪಿದ್ದಲ್ಲ.) ಈ ಹೆಡ್ಡಿನ ‘ಮರ್ಲಿನ್ ೧’ ಕೇವಲ ೧೭೨ ತಯಾರಾದುವು. ಹಳೆಯ ಕೆಸ್ಟ್ರೆಲ್ ಎಂಜಿನಿನಂತೆ ನೇರಕವಾಟಗಳ ಹೆಡ್ಡನ್ನು ಧರಿಸಿ ‘ಮರ್ಲಿನ್ ೨’ ಸಿದ್ಧವಾಗುವವರೆಗೆ, ಅಂದರೆ ೧೯೩೭ರವರೆಗೆ, ಹರಿಕೇನ್ ವಿಮಾನಗಳು ಕಾಯಬೇಕಾಯಿತು. ಯುದ್ಧಕ್ಕೆ ಉಳಿದಿದ್ದುದು ಎರಡೇ ವರ್ಷ.

೧೯೩೮ರ ಜನವರಿಯಲ್ಲಿ ಸ್ಟ್ಯಾನ್ಲಿ ಹೂಕರ್ ಎಂಬ ಗಣಿತಜ್ಞ ಡಾರ್ಬಿಯ ಕಾರ್ಖಾನೆಗೆ ಸೇರಿದನು. ಎಂಜಿನುಗಳಲ್ಲಿ ಆತನಿಗೆ ಪೂರ್ವಾನುಭವವಿರಲಿಲ್ಲ. ಪ್ರವಾಹಿಗಳ ಗಣಿತ ಮಾತ್ರ ಗೊತ್ತಿದ್ದಿತು. ಸೂಪರ್‌ಚಾರ್ಜರಿನ ಪರೀಕ್ಷಾವರದಿಗಳನ್ನು ಲೆಕ್ಕಕ್ಕಿಕ್ಕಿ ನೋಡಿ, ಗಾಳಿ ಒಳಬರುವ ಬಾಗು ನಾಳ ಮೊದಲಾದೆಡೆಗಳಲ್ಲಿ ನಷ್ಟವಾಗುತ್ತಿರುವುದನ್ನು ಆತ ಕಂಡುಕೊಂಡನು. (ಇದೇ ಹೂಕರನು ಮುಂದೆ ಬ್ರಿಸ್ಟಲ್ ಸಂಸ್ಥೆಯಲ್ಲಿ ರೂಪಿಸಿದ ಆರ್ಫಿಯಸ್ ಜೆಟ್ ಎಂಜಿನು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ತಯಾರಾಯಿತು.)

ಇಲ್ಲಿ ಗಮನಿಸತಕ್ಕ ಅಂಶವೆಂದರೆ ಎತ್ತರ. ೨೦,೦೦೦ ಅಡಿಗಳಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟೇ. ಹೆಡ್ಡು ಎಷ್ಟೇ ಸಮರ್ಪಕವಾಗಿರಲಿ, ಒಳಗೆ ಬಾರದ ಗಾಳಿಯನ್ನು ಉರಿಸಲಾರದು. ಆದರೆ ಸೂಪರ್‌ಚಾರ್ಜರ್ ಕೂಡ ಪುಕ್ಕಟೆಯಾಗಿ ದುಡಿಯುವುದಿಲ್ಲ: ಎಂಜಿನಿನ ಶಕ್ತಿಯನ್ನೇ ತಿನ್ನುತ್ತದೆ, ಒತ್ತಿದ ಗಾಳಿಯನ್ನು ಕಾಯಿಸುತ್ತದೆ, ಕಾದ ಗಾಳಿ ಸಿಡಿತವನ್ನು ಕರೆತರುತ್ತದೆ. ಆದುದರಿಂದ ಅದರ ದಕ್ಷತೆ ಹೆಚ್ಚಿದಷ್ಟೂ ಹೆಡ್ಡಿನ ಮೇಲಿನ ಭಾರವೂ ತಗ್ಗುವುದು. ಹೂಕರನ ತಿದ್ದುಪಡಿಗಳ ನಿಜವಾದ ಬೆಲೆ ಇಲ್ಲಿದೆಯೆಂದು ನನ್ನ ಅಭಿಪ್ರಾಯ. ೧೯೪೦ರಲ್ಲಿ ಬಳಕೆಗೆ ಬಂದ ೧೦೦ ಆಕ್ಟೇನಿನ ಪೆಟ್ರೋಲು ಸಿಡಿತವನ್ನು ಇನ್ನಷ್ಟು ದೂರವಿರಿಸಿ, ಅಧಿಕ ಒತ್ತಡವನ್ನು ೬¼ರಿಂದ ೧೨ ಪೌಂಡುಗಳಿಗೆ ಏರಿಸಲು ಅವಕಾಶ ಕೊಟ್ಟಿತು.

೧೯೪೧ರಲ್ಲಿ ಜರ್ಮನರ ಫೋಕ್-ವುಲ್ಫ್ ೧೯೦ ಕಾಣಿಸಿಕೊಂಡಾಗ ಸ್ಪಿಟ್‌ಫೈರ್ ಹಿಂದೆ ಬಿದ್ದಿತು. ಉತ್ತರವಾಗಿ ಬಂದದ್ದು ‘ಮರ್ಲಿನ್ ೬೧’: ಒಂದರ ಹಿಂದೊಂದು ಎರಡು ಒತ್ತುಚಕ್ರಗಳು, ಕಾದ ಗಾಳಿಯನ್ನು ತಣಿಸಲು ಒಂದು ಶೀತಕ. ಮರ್ಲಿನ್ ೨ ಎಂಜಿನು ೧೬,೨೫೦ ಅಡಿಯಲ್ಲಿ ೧,೦೩೦ ಅಶ್ವಶಕ್ತಿ ಕೊಡುತ್ತಿದ್ದರೆ, ಅದೇ ೨೭ ಲೀಟರಿನ ಈ ಎಂಜಿನು ೨೩,೫೦೦ ಅಡಿಯಲ್ಲಿಯೂ ೧,೩೦೦ಕ್ಕೆ ಮೀರಿ ಕೊಟ್ಟಿತು. ೧೯೪೨ರ ಜುಲೈಯಲ್ಲಿ ಅದನ್ನು ಹೊತ್ತ ಸ್ಪಿಟ್‌ಫೈರ್ ೯ ಯುದ್ಧಕ್ಕಿಳಿಯಿತು.

ಹೆಡ್ಡಿನ ಕೆಲಸ ಅಷ್ಟಕ್ಕೆ ಮುಗಿದಿರಲಿಲ್ಲ. ಸಿಲಿಂಡರಿನೊಡನೆ ಒಂದೇ ಎರಕವಾಗಿದ್ದ ಹೆಡ್ಡಿನಲ್ಲಿ ತಂಪುದ್ರವ ಸೋರುತ್ತಿದ್ದಿತು. ಒತ್ತಡ ಏರಿದಂತೆ ಇದು ಇನ್ನೂ ಅಸಹ್ಯವಾಯಿತು. ಹೆಡ್ಡನ್ನು ಬೇರೆಯಾಗಿ ಎರಕಹೊಯ್ದ ಎಂಜಿನುಗಳನ್ನು ಅಮೆರಿಕದ ಪ್ಯಾಕರ್ಡ್ ಕಾರ್ಖಾನೆ ೧೯೪೧ರಲ್ಲಿಯೇ ತಯಾರಿಸತೊಡಗಿತು. ರೋಲ್ಸ್-ರಾಯ್ಸ್ ತನ್ನದೇ ಆದ ಅಂಥ ಹೆಡ್ಡನ್ನು ಅನಂತರ ಬಳಕೆಗೆ ತಂದಿತು.